ಹೆಸರು ಬೇರೆ, ಗುಣ ಬೇರೆ

ಜನವರಿ ತಿಂಗಳು ಬಂತೆಂದರೆ ನನ್ನ ಫೋನಿಗೆ ಒಂದೇ ಕತೆ ಎರಡೆರಡು ಸಲ ಬರುತ್ತೆ. 15ಕ್ಕೆ ಸೇನಾ ದಿನ ಅಂತ ಒಮ್ಮೆ, 28ಕ್ಕೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹುಟ್ಟುಹಬ್ಬ ಅಂತ ಇನ್ನೊಮ್ಮೆ. ಫ್ಯಾಮಿಲಿ ಗ್ರೂಪು, ಆಫೀಸ್ ಗ್ರೂಪು, ಅಪಾರ್ಟ್‌ಮೆಂಟ್ ಗ್ರೂಪು, ಯಾವುದೂ ಬಾಕಿ ಇರಲ್ಲ. ಕತೆ ನಿಮಗೂ ಗೊತ್ತಿರುತ್ತೆ. 1965ರ ಯುದ್ಧ. ಕಾರ್ಯಪ್ಪನವರ ಮಗ ನಂದಾ ಕಾರ್ಯಪ್ಪ ವಾಯುಪಡೆಯಲ್ಲಿ ಹಂಟರ್ ವಿಮಾನದ ಪೈಲಟ್. ಯುದ್ಧ ಇನ್ನೇನು ನಿಲ್ಲಬೇಕು ಅನ್ನುವಾಗ, ಸೆಪ್ಟೆಂಬರ್ 22ಕ್ಕೆ, ವಿಮಾನಕ್ಕೆ ಏಟು ಬಿದ್ದು ಪಾಕಿಸ್ತಾನದ ಕೈಗೆ ಸಿಕ್ಕಿಬೀಳ್ತಾರೆ. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ದೇಶ ವಿಭಜನೆಗೆ ಮುಂಚೆ ಇದೇ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಹಳೆಯ ಋಣ ನೆನೆದು, ನಿಮ್ಮ ಮಗನನ್ನು ಬಿಡ್ತೀವಿ ಅಂತ ಹೇಳಿ ಕಳಿಸ್ತಾರೆ. ಅಲ್ಲಿರುವ ಭಾರತದ ಸೈನಿಕರೆಲ್ಲ ನನ್ನ ಮಕ್ಕಳೇ, ಬಿಡೋದಾದರೆ ಎಲ್ಲರನ್ನೂ ಬಿಡಿ, ಇಲ್ಲದಿದ್ದರೆ ಯಾರನ್ನೂ ಬೇಡ ಅಂತ ಅಪ್ಪ ಉತ್ತರ ಕೊಡ್ತಾರೆ.

ಕೆಲವು ಫಾರ್ವರ್ಡ್‌ಗಳಲ್ಲಿ ಸಂದೇಶ ಬರೋದು ರೇಡಿಯೋದಲ್ಲಿ, ಕೆಲವದರಲ್ಲಿ ಹೈಕಮಿಷನರ್ ಫೋನು ಮಾಡ್ತಾರೆ. ಕಾರ್ಯಪ್ಪನವರ ಮಾತಂತೂ ಒಂದೊಂದರಲ್ಲಿ ಒಂದೊಂದು ಥರ. ಕತೆ ನಿಜವೋ ಸುಳ್ಳೋ ಅನ್ನೋದು ನನ್ನ ತಕರಾರಲ್ಲ. ಮಗ ಉಳಿದ ಕೈದಿಗಳಂತೆಯೇ ಇದ್ದು 1966ರ ಆರಂಭದಲ್ಲಿ ವಾಪಸ್ ಬಂದರು, ಮುಂದೆ ಏರ್ ಮಾರ್ಷಲ್ ಆಗಿ ನಿವೃತ್ತರಾದರು. ಅಷ್ಟು ಸಾಕು. ನನ್ನ ತಕರಾರು ಬೇರೆ. 94 ವರ್ಷ ಬದುಕಿದ ಒಬ್ಬ ಮನುಷ್ಯನನ್ನು ನಾವು ಒಂದು ಫೋನ್ ಕಾಲಿಗೆ ಇಳಿಸಿಬಿಟ್ಟಿದ್ದೀವಿ. ನಾನು ಕೂತಿದ್ದ ಒಂದು ಲೀಡರ್‌ಶಿಪ್ ಸೆಷನ್‌ನಲ್ಲಿ ಇದೇ ಕತೆ ಸ್ಲೈಡ್ ಆಗಿ ಬಂತು. ಕೆಳಗೆ ದಪ್ಪಕ್ಷರದಲ್ಲಿ ‘ಇಂಟೆಗ್ರಿಟಿ’ ಅಂತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿ ಕಾಫಿಗೆ ಎದ್ದರು. ಆ ಕತೆಯಿಂದ ನಮ್ಮಲ್ಲಿ ಯಾರಿಗೂ ಯಾವ ತೊಂದರೆಯೂ ಆಗಲಿಲ್ಲ. ನನ್ನ ಅನುಮಾನ ಶುರುವಾಗೋದು ಇಲ್ಲಿಂದ.

ಸಣ್ಣ ಪ್ರಸಂಗ ಹೇಳಿ ದೊಡ್ಡ ಸೇನಾಪತಿಯನ್ನು ಅಳೆಯೋದು ಬಹಳ ಹಳೆಯ ಪದ್ಧತಿ. ಅದನ್ನು ಒಂದು ಕಲೆ ಅಂತ ಮಾಡಿದವನು ಪ್ಲುಟಾರ್ಕ್. ಗ್ರೀಸ್‌ನ ಕೈರೊನೇಯಾ ಅನ್ನೋ ಸಣ್ಣ ಊರಿನವನು, ಸುಮಾರು 1,900 ವರ್ಷಗಳ ಹಿಂದೆ ಬರೆದವನು. ಅಲೆಕ್ಸಾಂಡರನ ಜೀವನಚರಿತ್ರೆ ಶುರು ಮಾಡುವಾಗಲೇ ಓದುಗರಿಗೆ ಎಚ್ಚರಿಕೆ ಕೊಟ್ಟುಬಿಡ್ತಾನೆ: ನಾನು ಬರೀತಿರೋದು ಇತಿಹಾಸ ಅಲ್ಲ, ಬದುಕು. ಸಾವಿರಾರು ಜನ ಸತ್ತ ಯುದ್ಧಕ್ಕಿಂತ ಒಂದು ಸಣ್ಣ ಮಾತು, ಒಂದು ತಮಾಷೆ ಮನುಷ್ಯನ ಗುಣವನ್ನು ಹೆಚ್ಚು ತೋರಿಸುತ್ತೆ ಅನ್ನೋದು ಅವನ ನಂಬಿಕೆ. ಅಂದರೆ ನಮ್ಮ ವಾಟ್ಸಾಪ್ ಅಂಕಲ್‌ಗಳಿಗೆ ಪ್ಲುಟಾರ್ಕನ ಬೆಂಬಲ ಇದೆ ಅಂತಲೇ ಇಟ್ಕೊಳ್ಳಿ.

ಆದರೆ ಪ್ಲುಟಾರ್ಕ್ ಒಂದು ಪ್ರಸಂಗಕ್ಕೆ ನಿಲ್ಲಿಸ್ತಿರಲಿಲ್ಲ. ಒಬ್ಬ ಗ್ರೀಕನ ಪಕ್ಕ ಒಬ್ಬ ರೋಮನ್ನನನ್ನು ಕೂರಿಸಿ, ಇಬ್ಬರ ಒಳ್ಳೇದನ್ನೂ ಹುಳುಕನ್ನೂ ಎದುರುಬದುರು ಇಡ್ತಿದ್ದ. ಅವನಿಗೆ ಇಷ್ಟವಾದ ಸೇನಾಪತಿಗಳ ದುಡ್ಡಿನಾಸೆ, ಪುಕ್ಕಲುತನ, ಹೊಗಳಿಕೆಯ ಹುಚ್ಚು ಎಲ್ಲ ಪುಟದ ಮೇಲೆ ಬರುತ್ತೆ. ನಾವು ಅವನಿಂದ ಪ್ರಸಂಗ ತಗೊಂಡೆವು, ತಕ್ಕಡಿ ಬಿಟ್ಟೆವು.

ಗ್ರೀಕರಿಗೆ ಇಲ್ಲಿ ಎರಡು ಪದ ಇದ್ದವು. ಒಂದು ‘ಅರೆತೆ’, ಮನುಷ್ಯನೊಳಗಿನ ಯೋಗ್ಯತೆ, ಸದ್ಗುಣ. ಇನ್ನೊಂದು ‘ದೋಕ್ಸ’, ಜನ ಅವನ ಬಗ್ಗೆ ಏನಂದುಕೊಂಡಿದ್ದಾರೆ ಅನ್ನೋದು. ಇದರಲ್ಲಿ ಒಂದು ಸೊಗಸಿದೆ. ದೋಕ್ಸ ಅಂದರೆ ಅಭಿಪ್ರಾಯವೂ ಹೌದು, ಕೀರ್ತಿಯೂ ಹೌದು. ಕೀರ್ತಿ ಅನ್ನೋದು ಕೊನೆಗೂ ಬೇರೆಯವರ ಅಭಿಪ್ರಾಯವೇ ತಾನೆ ಅಂತ ಆ ಭಾಷೆಯೇ ಹೇಳಿಬಿಡುತ್ತೆ. ನಮ್ಮಲ್ಲಿ ಇವಕ್ಕೆ ಸರಳವಾದ ಮಾತಿದೆ: ಗುಣ, ಹೆಸರು. ಹೆಸರು ಮಾಡೋದು, ಹೆಸರು ಉಳಿಸ್ಕೊಳ್ಳೋದು, ಹೆಸರು ಕೆಡಿಸ್ಕೊಳ್ಳೋದು, ಇಷ್ಟೆಲ್ಲ ಕ್ರಿಯಾಪದ ಹೆಸರಿಗೆ. ಗುಣಕ್ಕೆ ಅಂಥ ಓಡಾಟ ಇಲ್ಲ. ಅದು ಇರುತ್ತೆ, ಇಲ್ಲಾಂದ್ರೆ ಇರಲ್ಲ.

ಕ್ಸೆನೊಫೋನ್ ಅನ್ನೋ ಇನ್ನೊಬ್ಬ ಗ್ರೀಕ ಸ್ವತಃ ಸೈನಿಕ. ಪರ್ಷಿಯಾದ ಒಳನಾಡಿನಲ್ಲಿ ಸಿಕ್ಕಿಬಿದ್ದ ಬಾಡಿಗೆ ಸೈನ್ಯವನ್ನು ವಾಪಸ್ ಕರೆತಂದವರಲ್ಲಿ ಒಬ್ಬ. ಅವನು ತನ್ನ ಗುರು ಸಾಕ್ರಟೀಸ್ ಹೇಳ್ತಿದ್ದ ಒಂದು ಮಾತನ್ನು ಬರೆದಿಟ್ಟಿದ್ದಾನೆ. ಒಳ್ಳೆಯವನು ಅನ್ನಿಸಿಕೊಳ್ಳೋಕೆ ಅತಿ ಹತ್ತಿರದ ದಾರಿ ನಿಜವಾಗಿ ಒಳ್ಳೆಯವನಾಗೋದು, ಅನ್ನೋದು ಅದರ ತಾತ್ಪರ್ಯ. ಹಡಗು ನಡೆಸೋಕೆ ಬಾರದವನು ನಾವಿಕ ಅಂತ ಹೆಸರು ಮಾಡಿದರೆ ಮೊದಲು ಮುಳುಗೋದು ಹಡಗು. ಕೇಳೋಕೆ ಚೆನ್ನಾಗಿದೆ. ಆದರೆ ಈ ಮಾತಿನಲ್ಲಿ ಒಂದು ಅನುಕೂಲದ ಊಹೆ ಇದೆ: ಗುಣ ಇದ್ದರೆ ಹೆಸರು ತಾನಾಗಿ ಹಿಂದೆ ಬರುತ್ತೆ ಅಂತ. ಬರದೇ ಹೋದರೆ? ಸರಿಯಾದ ಕೆಲಸ ಮಾಡಿದರೆ ಹೆಸರು ಹೋಗುತ್ತೆ ಅನ್ನೋ ದಿನ ಬಂದರೆ?

ಆ ದಿನ ನಿಕಿಯಾಸ್‌ಗೆ ಬಂತು. ಅಥೆನ್ಸಿನ ಸೇನಾಪತಿ, ಶ್ರೀಮಂತ, ದೈವಭಕ್ತ, ಊರಿಗೆಲ್ಲ ಒಳ್ಳೆಯವನು. ಪ್ಲೇಟೋನ ಒಂದು ಸಂವಾದದಲ್ಲಿ ಧೈರ್ಯ ಅಂದರೇನು ಅಂತ ಸಾಕ್ರಟೀಸ್ ಕೇಳಿದಾಗ ಉತ್ತರಿಸೋಕೆ ಹೋಗಿ ಸಿಕ್ಕಿಹಾಕಿಕೊಳ್ಳೋ ಇಬ್ಬರು ಜನರಲ್‌ಗಳಲ್ಲಿ ಇವನೂ ಒಬ್ಬ. ಕ್ರಿ.ಪೂ. 413ರಲ್ಲಿ ಅವನ ಸೈನ್ಯ ಸಿಸಿಲಿಯ ಸಿರಾಕ್ಯೂಸ್ ಹತ್ತಿರ ಸೋತು ಸುಣ್ಣವಾಗಿತ್ತು. ಹಡಗು ಹತ್ತಿ ವಾಪಸ್ ಹೋಗೋಣ, ಇರೋ ಜನರನ್ನಾದರೂ ಉಳಿಸೋಣ ಅಂತ ಜೊತೆಯ ಸೇನಾಪತಿ ಡೆಮಾಸ್ತನೀಸ್ ಹೇಳಿದ. ನಿಕಿಯಾಸ್ ಒಪ್ಪಲಿಲ್ಲ. ಕಾರಣವನ್ನು ಇತಿಹಾಸಕಾರ ಥುಸಿಡೈಡೀಸ್ ಮುಚ್ಚಿಡದೆ ಬರೀತಾನೆ: ಸೋತು ಊರಿಗೆ ಹೋದರೆ ಜನ ಲಂಚ ತಗೊಂಡ ಅಂತ ಆರೋಪ ಹೊರಿಸಿ ಅವಮಾನದಿಂದ ಕೊಲ್ತಾರೆ, ಅದಕ್ಕಿಂತ ಇಲ್ಲೇ ಶತ್ರುವಿನ ಕೈಯಲ್ಲಿ ಸಾಯೋದು ವಾಸಿ. ಆಮೇಲೆ ಬೇರೆ ದಾರಿ ಕಾಣದೆ ಹೊರಡೋಣ ಅಂತ ಒಪ್ಪಿದ. ಅಷ್ಟರಲ್ಲಿ ಚಂದ್ರಗ್ರಹಣ ಆಯ್ತು. ಜೋಯಿಸರ ಮಾತು ಕೇಳಿ ಇಪ್ಪತ್ತೇಳು ದಿನ ಕಾಯೋಣ ಅಂದ. ಕೊನೆಗೆ ಹಡಗುಗಳೂ ಹೋದವು, ಸೈನ್ಯವೂ ಹೋಯ್ತು. ಏಳು ಸಾವಿರಕ್ಕೆ ಕಡಿಮೆಯಿಲ್ಲದಷ್ಟು ಜನ ಸೆರೆ ಸಿಕ್ಕು ಕಲ್ಲುಗಣಿಗಳಲ್ಲಿ ಕೊಳೆತರು. ನಿಕಿಯಾಸನನ್ನೂ ಕೊಂದರು. ಬದುಕೆಲ್ಲ ಸದ್ಗುಣದ ದಾರಿಯಲ್ಲೇ ನಡೆದವನಿಗೆ ಇಂಥ ಗತಿ ಬರಬಾರದಿತ್ತು ಅಂತ ಥುಸಿಡೈಡೀಸ್ ಮರುಗ್ತಾನೆ. ಓದಿದಾಗೆಲ್ಲ ನನಗೆ ಅನ್ನಿಸೋದು, ಸದ್ಗುಣಿ ಅನ್ನೋ ಹೆಸರನ್ನು ಕಾಪಾಡಿಕೊಳ್ಳೋಕೆ ಹೋಗಿಯೇ ಅಷ್ಟು ಜನ ಸತ್ತರಲ್ಲ ಅಂತ.

ಇದರಿಂದ ನನಗೊಂದು ಅಳತೆಗೋಲು ಸಿಕ್ಕಿದೆ. ಸೇನಾಪತಿಯ ಕತೆ ಯಾವುದೇ ಬರಲಿ, ಮೊದಲು ಕೇಳಬೇಕಾದ ಪ್ರಶ್ನೆ: ಈ ಕೆಲಸದಿಂದ ಅವರ ಹೆಸರಿಗೆ ಲಾಭ ಆಯ್ತೋ ನಷ್ಟ ಆಯ್ತೋ? ಲಾಭ ಆಗಿದ್ದರೆ ಕೆಲಸ ಒಳ್ಳೆಯದೇ ಇರಬಹುದು, ಆದರೆ ಗುಣ ಎಷ್ಟಿತ್ತು ಅಂತ ಗೊತ್ತಾಗಲ್ಲ. ಗುಣವೂ ಹೆಸರೂ ಒಂದೇ ದಾರಿಯಲ್ಲಿ ಹೋಗುವಾಗ ಯಾವುದು ಯಾವುದನ್ನು ಎಳೀತಿದೆ ಅಂತ ಹೇಳೋಕಾಗಲ್ಲ. ಇವೆರಡೂ ಬೇರೆ ಬೇರೆ ದಾರಿ ಹಿಡಿದ ದಿನ ಮನುಷ್ಯ ಎತ್ತ ಹೋದ ಅನ್ನೋದನ್ನು ನೋಡಬೇಕು.

ಈಗ ಕೊಡಗಿಗೆ ಬನ್ನಿ. ಮಡಿಕೇರಿಯಲ್ಲಿ ಶಾಲೆಗೆ ಹೋದ ನಮಗೆ ಕಾರ್ಯಪ್ಪ, ತಿಮ್ಮಯ್ಯ ಅನ್ನೋ ಎರಡು ಹೆಸರು ಮಗ್ಗಿ ಜೊತೆಗೇ ಬಾಯಿಪಾಠ. 2011ರ ಜನಗಣತಿ ಪ್ರಕಾರ ಐದೂವರೆ ಲಕ್ಷ ಜನರ ಪುಟ್ಟ ಜಿಲ್ಲೆ. ಅಲ್ಲಿಂದ ಒಬ್ಬರು ಸೈನ್ಯದ ಮೊದಲ ಭಾರತೀಯ ಮುಖ್ಯಸ್ಥ, ಇನ್ನೊಬ್ಬರು 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥ. ಹೆಮ್ಮೆ ಪಡಬೇಡಿ ಅಂದರೆ ಯಾರು ಕೇಳ್ತಾರೆ? ನಾನೂ ಕೇಳಲ್ಲ. ಆದರೆ ಪ್ಲುಟಾರ್ಕನ ಥರ ಇಬ್ಬರನ್ನೂ ಪಕ್ಕಪಕ್ಕ ಕೂರಿಸಿ ನೋಡಿದರೆ, ನಾವು ಹೇಳೋ ಕತೆಗಳಿಗಿಂತ ಹೇಳದೇ ಬಿಟ್ಟ ಕತೆಗಳು ಹೆಚ್ಚು ಮಾತಾಡ್ತವೆ.

ಕಾರ್ಯಪ್ಪನವರದ್ದು ಮೊದಲು. 1949ರ ಜನವರಿ 15ಕ್ಕೆ ಬ್ರಿಟಿಷ್ ಜನರಲ್ ರಾಯ್ ಬುಚರ್ ಕೈಯಿಂದ ಅಧಿಕಾರ ತಗೊಂಡರು, ಆ ದಿನವೇ ಇವತ್ತಿನ ಸೇನಾ ದಿನ. ಫೋನ್ ಕಾಲಿನ ಕತೆಗಿಂತ ದೊಡ್ಡದು ಅಂತ ನನಗನ್ನಿಸೋದು ಅದೇ ವರ್ಷ ಅವರು ಮಾಡಿದ ಇನ್ನೊಂದು ಕೆಲಸ. ಬ್ರಿಟಿಷರ ಕಾಲದ ಸೈನ್ಯ ನಿಂತಿದ್ದದ್ದು ಜಾತಿ, ಜನಾಂಗದ ಲೆಕ್ಕದ ಮೇಲೆ. ಕೆಲವರು ಹುಟ್ಟಿನಿಂದಲೇ ಯೋಧರು, ಉಳಿದವರಲ್ಲ ಅಂತ ಪಟ್ಟಿ ಮಾಡಿ ಆ ಪ್ರಕಾರ ರೆಜಿಮೆಂಟು ಕಟ್ಟಿದ್ದರು. ಕಾರ್ಯಪ್ಪ ಹಳೆಯ ರೆಜಿಮೆಂಟುಗಳ ಹಿರಿಯ ಬೆಟಾಲಿಯನ್‌ಗಳನ್ನು ಸೇರಿಸಿ ಬ್ರಿಗೇಡ್ ಆಫ್ ದಿ ಗಾರ್ಡ್ಸ್ ಕಟ್ಟಿಸಿದರು. ಯಾವ ಪ್ರಾಂತ್ಯದವರಾದರೂ, ಯಾವ ಜಾತಿಯವರಾದರೂ ಸೇರಬಹುದಾಗಿದ್ದ ಪದಾತಿ ರೆಜಿಮೆಂಟು ಅದು.

ಇದನ್ನು ಮಾಡಿದವರು ಯಾರು ಅಂತ ಸ್ವಲ್ಪ ಯೋಚಿಸಿ. ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡೋ ನಾಡಿನವರು. 1861ರಿಂದ ಕೋವಿ ಲೈಸೆನ್ಸಿನಿಂದಲೇ ವಿನಾಯ್ತಿ ಪಡೆದ, ಈಗ ಆ ವಿನಾಯ್ತಿ 2029ರವರೆಗೆ ಮುಂದುವರಿದಿರುವ ಸಮುದಾಯದವರು. ವೀರ ಜನಾಂಗ ಅನ್ನೋ ಹೆಸರಿನಿಂದ ಲಾಭ ಪಡೆದ ಊರಿಂದ ಬಂದು, ಆ ಹೆಸರಿಗೇ ಅರ್ಥ ಇಲ್ಲದ ಹಾಗೆ ಒಂದು ರೆಜಿಮೆಂಟು ಕಟ್ಟೋದು ಸಣ್ಣ ಮಾತಲ್ಲ. ಈ ಕತೆ ಯಾವ ಗ್ರೂಪಿನಲ್ಲೂ ಬರಲ್ಲ. ಬಂದರೆ ‘ನಮ್ಮ ರಕ್ತದಲ್ಲೇ ಇದೆ’ ಅನ್ನೋ ಡೈಲಾಗನ್ನು ಅದರ ಪಕ್ಕ ಅಂಟಿಸೋಕಾಗಲ್ಲ.

ತಕ್ಕಡಿಯ ಇನ್ನೊಂದು ಕಡೆಗೂ ಏನಾದರೂ ಇಡಬೇಕಲ್ಲ. ಕಾರ್ಯಪ್ಪನವರನ್ನು ರಾಜಕೀಯದಿಂದ ದೂರ ನಿಂತ ಸೈನಿಕ ಅಂತ ನೆನೀತೀವಿ. ಸೈನ್ಯವನ್ನು ಚುನಾಯಿತ ಸರ್ಕಾರದ ಕೆಳಗೆ ಗಟ್ಟಿಯಾಗಿ ನಿಲ್ಲಿಸಿದ್ದರಲ್ಲಿ ಅವರ ಪಾಲು ದೊಡ್ಡದು, ಒಪ್ಪೋಣ. ಆದರೆ ಸೇನಾ ಮುಖ್ಯಸ್ಥರಾಗಿದ್ದಾಗಲೇ ದೇಶದ ಆರ್ಥಿಕ ನೀತಿಯ ಬಗ್ಗೆಯೆಲ್ಲ ಮಾತಾಡೋಕೆ ಶುರು ಮಾಡಿ, ಪತ್ರಿಕಾಗೋಷ್ಠಿ ಕಡಿಮೆ ಮಾಡಿ ಅಂತ 1952ರಲ್ಲಿ ನೆಹರೂ ಕೈಯಲ್ಲಿ ಪತ್ರ ಬರೆಸಿಕೊಂಡರು. ನಿವೃತ್ತರಾದ ಮೇಲೆ, 1958ರಲ್ಲಿ ಪಾಕಿಸ್ತಾನದಲ್ಲಿ ಮಿಲಿಟರಿ ಆಡಳಿತ ಬಂದಾಗ ಅಲ್ಲಿಗೆ ಹೋಗಿ, ಅದನ್ನು ತಂದ ಹಳೆಯ ಸಹೋದ್ಯೋಗಿಗಳನ್ನು ಬಹಿರಂಗವಾಗಿ ಮೆಚ್ಚಿದರು. ಮುಂದೆ ಬಂಗಾಳಕ್ಕೆ ವರ್ಷಗಟ್ಟಲೆ ರಾಷ್ಟ್ರಪತಿ ಆಳ್ವಿಕೆ ಬೇಕು ಅಂತ ವಾದಿಸಿದರು. 1971ರಲ್ಲಿ ಮುಂಬೈಯಿಂದ ಲೋಕಸಭೆಗೆ ನಿಂತು ಸೋತರು. ಇದರಿಂದ ಅವರು ಸಣ್ಣವರಾಗಲ್ಲ. ಯೂನಿಫಾರ್ಮ್ ಹಾಕಿದ್ದಾಗ ಶಿಸ್ತು ಮೀರದ, ಬಿಚ್ಚಿದ ಮೇಲೆ ದೇಶಕ್ಕೂ ಪರೇಡ್ ಗ್ರೌಂಡಿನ ಶಿಸ್ತು ಬಂದರೆ ಚೆನ್ನಾಗಿರುತ್ತೆ ಅಂತ ಆಸೆಪಟ್ಟ ಒಬ್ಬ ಮನುಷ್ಯ ಕಾಣಿಸ್ತಾರೆ. ಕಂಚಿನ ಪ್ರತಿಮೆಗಿಂತ ಇವರ ಜೊತೆ ಮಾತಾಡಬಹುದು, ಜಗಳಾನೂ ಆಡಬಹುದು.

ಇನ್ನು ತಿಮ್ಮಯ್ಯನವರು. ಇವರ ಬಗ್ಗೆ ಊರಲ್ಲಿ ಎರಡು ಕತೆ. ಒಂದು ಜೋಜಿಲಾ. 1948ರ ನವೆಂಬರ್ 1, ಸುಮಾರು 11,500 ಅಡಿ ಎತ್ತರದ ಕಣಿವೆ, ಟ್ಯಾಂಕು ಅಲ್ಲಿಗೆ ಹತ್ತುತ್ತೆ ಅಂತ ಶತ್ರು ಕನಸಲ್ಲೂ ಎಣಿಸಿರಲಿಲ್ಲ. 7ನೇ ಕ್ಯಾವಲ್ರಿಯ ಹಗುರ ಸ್ಟುವರ್ಟ್ ಟ್ಯಾಂಕುಗಳು ಹತ್ತಿದವು. ಡಿವಿಷನ್ನಿನ ಕಮಾಂಡರ್ ತಿಮ್ಮಯ್ಯ ಮುಂದಿನ ಟ್ಯಾಂಕಿನಲ್ಲಿ ತಾವೇ ಇದ್ದರು. ಅವತ್ತು ಕಾಶ್ಮೀರದ ಯುದ್ಧದ ಮೇಲ್ವಿಚಾರಣೆ ಕಾರ್ಯಪ್ಪನವರದ್ದು, ನೆಲದ ಮೇಲೆ ತಿಮ್ಮಯ್ಯನವರದ್ದು. ಕೊಡಗಿನವರು ಈ ಕತೆ ಹೇಳುವಾಗ ಧ್ವನಿ ಒಂದು ಪಟ್ಟು ಏರದಿದ್ದರೆ ಕೇಳಿ.

ಎರಡನೇ ಕತೆ 1959ರ ರಾಜೀನಾಮೆ. ಇದನ್ನು ಹೇಳುವಾಗ ಧ್ವನಿ ಇಳಿಯುತ್ತೆ. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಬಡ್ತಿಗಳಲ್ಲಿ ಕೈ ಹಾಕ್ತಿದ್ದರು, ಹಿರಿಯ ಅಧಿಕಾರಿಗಳನ್ನು ಹೀಯಾಳಿಸ್ತಿದ್ದರು. ಬೇಸತ್ತ ತಿಮ್ಮಯ್ಯ ಆಗಸ್ಟ್ 31ಕ್ಕೆ ರಾಜೀನಾಮೆ ಕೊಟ್ಟರು. ಪ್ರಧಾನಿ ನೆಹರೂ ಕರೆಸಿ, ಸಮಾಧಾನ ಹೇಳಿ, ವಾಪಸ್ ತಗೊಳ್ಳೋ ಹಾಗೆ ಮಾಡಿದರು. ಸುದ್ದಿ ಪತ್ರಿಕೆಗೆ ಸೋರಿತ್ತು. ಸೆಪ್ಟೆಂಬರ್ 2ಕ್ಕೆ ಲೋಕಸಭೆಯಲ್ಲಿ ಅದೇ ನೆಹರೂ ಎದ್ದು ನಿಂತು, ಇವೆಲ್ಲ ಸಣ್ಣಪುಟ್ಟ ವಿಷಯ, ಸ್ವಭಾವದ ಜಗಳ, ಇಂಥ ಹೊತ್ತಿನಲ್ಲಿ ಸೇನಾ ಮುಖ್ಯಸ್ಥರು ಹೀಗೆ ಮಾಡಬಾರದಿತ್ತು ಅನ್ನೋ ಅರ್ಥದಲ್ಲಿ ಮಾತಾಡಿ ಮೆನನ್ ಪರ ನಿಂತರು. ಅದಕ್ಕೆ ಕೆಲವೇ ದಿನ ಮುಂಚೆ ಈಶಾನ್ಯ ಗಡಿಯ ಲೋಂಗ್ಜುವಿನಲ್ಲಿ ಚೀನೀಯರ ಜೊತೆ ಗುಂಡಿನ ಚಕಮಕಿ ಆಗಿತ್ತು.

ನಮ್ಮ ಕಡೆ ಇದನ್ನು ಹೇಳೋ ಕ್ರಮ ಗೊತ್ತಲ್ಲ? ನೆಹರೂ ಮೋಸ ಮಾಡಿದರು, ಮೆನನ್ ಖಳನಾಯಕ, ನಮ್ಮ ಜನರಲ್ ಪಾಪ. ರಾಜೀನಾಮೆ ಕೊಟ್ಟದ್ದು ಗಂಡಸುತನ, ವಾಪಸ್ ತಗೊಂಡದ್ದು ದುರಂತ. ನನಗೆ ಇದು ಪೂರ್ತಿ ಉಲ್ಟಾ ಕಾಣುತ್ತೆ.

ರಾಜೀನಾಮೆ ಕೊಟ್ಟದ್ದೇ ಎಡವಟ್ಟು ಅನ್ನೋದು ನನ್ನ ಅಭಿಪ್ರಾಯ. ಕಾರಣ ನ್ಯಾಯವಾಗಿಯೇ ಇತ್ತು. ಆದರೆ ಸೇನಾ ಮುಖ್ಯಸ್ಥನ ರಾಜೀನಾಮೆ ಒಂದೇ ಗುಂಡಿನ ಕೋವಿ ಇದ್ದ ಹಾಗೆ. ಹಾರಿಸಿದರೆ ಮುಗೀತು, ತೋರಿಸಿ ಒಳಗಿಟ್ಟರೆ ಇನ್ನು ಯಾರೂ ಅದಕ್ಕೆ ಹೆದರಲ್ಲ. ಮೆನನ್ ಕುರ್ಚಿಯಲ್ಲೇ ಉಳಿದರು, 1962ರ ಯುದ್ಧದಲ್ಲಿ ಸೋಲು ಕಾಣುವವರೆಗೂ. ಅವರಿಗೆ ಬೇಕಾದವರ ಬಡ್ತಿಗಳೂ ನಿಲ್ಲಲಿಲ್ಲ. ಇಷ್ಟನ್ನು ತಿಮ್ಮಯ್ಯನವರ ಅಭಿಮಾನಿಗಳೂ ಒಪ್ಪಬೇಕು.

ವಾಪಸ್ ತಗೊಂಡದ್ದನ್ನು ಮಾತ್ರ ನಾನು ದುರಂತ ಅನ್ನಲ್ಲ. ಆಗಿನ ಕಾಲ ನೋಡಿ. ಪಕ್ಕದ ಪಾಕಿಸ್ತಾನದಲ್ಲಿ ಸೇನಾಪತಿ ಅಧಿಕಾರ ಹಿಡಿದು ಒಂದು ವರ್ಷವೂ ಆಗಿರಲಿಲ್ಲ. ಇತ್ತ ಕಡೆ ಸೈನ್ಯದಲ್ಲೂ ಜನರಲ್ಲೂ ಅತಿ ಪ್ರೀತಿಪಾತ್ರನಾದ ಜನರಲ್, ಚುನಾಯಿತ ಮಂತ್ರಿಯ ಜೊತೆ ಬೀದಿಜಗಳಕ್ಕೆ ನಿಂತಿದ್ದರೆ ಪತ್ರಿಕೆಗಳು ಅವರ ಪರ, ವಿರೋಧ ಪಕ್ಷ ಅವರ ಪರ, ಹೆಸರು ಆಕಾಶಕ್ಕೆ. ವಾಪಸ್ ತಗೊಂಡರೆ ಪುಕ್ಕಲ ಅನ್ನಿಸ್ಕೋಬೇಕು. ಅವರಿಗೆ ಇದು ಗೊತ್ತಿಲ್ಲದೇ ಇರಲಿಕ್ಕಿಲ್ಲ. ಆದರೂ ಪ್ರಧಾನಿಯ ಮಾತಿಗೆ ತಲೆಬಾಗಿದರು. ಮರುದಿನ ಸಂಸತ್ತಿನಲ್ಲಿ ಮಾನ ಹೋದ ಮೇಲೂ ಬಹಿರಂಗ ಜಗಳಕ್ಕೆ ಇಳಿಯದೆ ಇನ್ನೂ ಇಪ್ಪತ್ತು ತಿಂಗಳು ಕೆಲಸ ಮಾಡಿ, 1961ರ ಮೇ ತಿಂಗಳಲ್ಲಿ ಅವಧಿ ಮುಗಿಸಿ ಎದ್ದರು. ನಿಕಿಯಾಸ್ ತನ್ನ ಹೆಸರು ಉಳಿಸ್ಕೊಳ್ಳೋಕೆ ಸೈನ್ಯವನ್ನು ಬಲಿ ಕೊಟ್ಟ. ತಿಮ್ಮಯ್ಯ ಸೈನ್ಯ ಸರ್ಕಾರದ ಮಾತು ಕೇಳಬೇಕು ಅನ್ನೋದನ್ನು ಉಳಿಸೋಕೆ ತಮ್ಮ ಹೆಸರು ಕೊಟ್ಟರು. ನನ್ನ ಲೆಕ್ಕದಲ್ಲಿ ಜೋಜಿಲಾದ ಟ್ಯಾಂಕಿಗಿಂತ ಇದು ಕಷ್ಟದ ಏರು.

ಬಾಯಿ ಮುಚ್ಚಿಕೊಂಡದ್ದರಿಂದಲೇ ದೇಶಕ್ಕೆ ನಷ್ಟ ಆಯ್ತಲ್ಲ ಅಂತ ನೀವು ಕೇಳಬಹುದು. ಒಳ್ಳೇ ಪ್ರಶ್ನೆ. ಇದಕ್ಕೆ ಇನ್ನೊಂದು ತುಣುಕು ಸೇರಿಸ್ತೀನಿ. ನಿವೃತ್ತರಾಗಿ ವರ್ಷ ಕಳೆದ ಮೇಲೆ, 1962ರ ಜುಲೈಯಲ್ಲಿ, ‘ಸೆಮಿನಾರ್’ ಪತ್ರಿಕೆಗೆ ಒಂದು ಲೇಖನ ಬರೆದರು. ಭಾರತ ಒಂಟಿಯಾಗಿ ಚೀನಾ ಜೊತೆ ಪೂರ್ಣ ಯುದ್ಧಕ್ಕೆ ಇಳಿಯೋದನ್ನು ಸೈನಿಕನಾಗಿ ತಾನು ಊಹಿಸಲಾರೆ, ಅದನ್ನು ರಾಜಕಾರಣಿಗಳೂ ರಾಯಭಾರಿಗಳೂ ಸಂಭಾಳಿಸಬೇಕು ಅನ್ನೋದು ಅದರ ಸಾರ. ವೀರ ಜನರಲ್ ಆಡಬೇಕಾದ ಮಾತೇ ಇದು? ಹೆಸರಿಗೆ ನಯಾಪೈಸೆ ಲಾಭ ಇಲ್ಲದ ಮಾತು. ಮೂರು ತಿಂಗಳಲ್ಲಿ, ಅಕ್ಟೋಬರಿನಲ್ಲಿ, ಯುದ್ಧ ಬಂತು. ಆಮೇಲಿನದ್ದು ಎಲ್ಲರಿಗೂ ಗೊತ್ತು.

ಕೊರಿಯಾದಲ್ಲೂ ಹೀಗೇ ಆಗಿತ್ತು. ಅಲ್ಲಿನ ಯುದ್ಧ ನಿಂತ ಮೇಲೆ, ನಮ್ಮ ದೇಶಕ್ಕೆ ವಾಪಸ್ ಹೋಗಲ್ಲ ಅಂತ ಹಟ ಹಿಡಿದ 22 ಸಾವಿರಕ್ಕೂ ಹೆಚ್ಚು ಚೀನೀ, ಕೊರಿಯನ್ ಕೈದಿಗಳ ವಿಷಯ ನೋಡಿಕೊಳ್ಳೋ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ 1953ರಲ್ಲಿ ತಿಮ್ಮಯ್ಯ ಅಧ್ಯಕ್ಷರಾದರು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತದ ಸೈನಿಕರು ತನ್ನ ನೆಲಕ್ಕೆ ಕಾಲಿಡಬಾರದು ಅಂದ. ಹಾಗಾಗಿ ಅವರನ್ನು ಹೆಲಿಕಾಪ್ಟರಿನಲ್ಲಿ ನೇರ ಗಡಿಪಟ್ಟಿಗೆ ಇಳಿಸಬೇಕಾಯ್ತು. ಎರಡು ಕಡೆಯವರೂ ಇವರು ಆ ಕಡೆ ವಾಲಿದ್ದಾರೆ ಅಂತ ಬೈದರು. ಕೊನೆಗೆ ದಾರಿ ಕಾಣದೆ, 1954ರ ಜನವರಿಯಲ್ಲಿ ಕೈದಿಗಳನ್ನು ಅವರವರನ್ನು ಹಿಡಿದಿಟ್ಟಿದ್ದ ಸೈನ್ಯಗಳಿಗೇ ಒಪ್ಪಿಸಿ ಬಂದರು. ಗೆದ್ದೆ ಅಂತ ಹೇಳೋಕೆ ಏನೂ ಇಲ್ಲ. ಮಧ್ಯೆ ನಿಂತವನಿಗೆ ಎರಡೂ ಕಡೆಯಿಂದ ಕಲ್ಲು ಬೀಳದಿದ್ದರೆ ಅವನು ಮಧ್ಯೆ ನಿಂತಿಲ್ಲ ಅಂತಲೇ ಅರ್ಥ.

ಈ ಕತೆಗಳು ಯಾಕೆ ಹಿಂದೆ ಬಿದ್ದವು? ಹೆಸರನ್ನು ಕಾಯೋದು ಗುಣವನ್ನು ಅರ್ಥ ಮಾಡ್ಕೊಳ್ಳೋದಕ್ಕಿಂತ ಸುಲಭ, ಅದಕ್ಕೆ. 2024ರ ಡಿಸೆಂಬರಿನಲ್ಲಿ ಈ ಇಬ್ಬರನ್ನು ಯಾರೋ ಸೋಶಿಯಲ್ ಮೀಡಿಯಾದಲ್ಲಿ ಕೀಳಾಗಿ ಬರೆದರು ಅಂತ ಕೊಡಗು ಬಂದ್ ಆಯ್ತು. ಕೀಳಾಗಿ ಬರೆದದ್ದಕ್ಕೆ ಸಿಟ್ಟು ಬರೋದು ಸಹಜ, ನನಗೂ ಬಂತು. ನನ್ನನ್ನು ಕಾಡಿದ್ದು ಆಮೇಲಿನ ಮೌನ. ಬೈಗುಳಕ್ಕೂ ವಿಮರ್ಶೆಗೂ ವ್ಯತ್ಯಾಸ ಉಳಿಯದೇ ಹೋದರೆ, 1958ರ ಕಾರ್ಯಪ್ಪ, 1959ರ ತಿಮ್ಮಯ್ಯ ಅಂತ ಬಾಯಿ ಬಿಡೋಕೂ ಜನ ಹಿಂದೆಮುಂದೆ ನೋಡ್ತಾರೆ. ಪ್ರಶ್ನೆ ಕೇಳಿದವರು ನಾಡದ್ರೋಹಿಗಳಾಗ್ತಾರೆ. ಆಗ ಉಳಿಯೋದು ಎರಡೇ: ಹಾರ ಹಾಕೋದು, ಇಲ್ಲಾಂದ್ರೆ ಕೆಸರು ಎರಚೋದು.

ಅಥೆನ್ಸಿನವರು ಈ ವಿಷಯದಲ್ಲಿ ನಮಗೇನೂ ಮಾದರಿ ಅಲ್ಲ, ಹೇಳಿಬಿಡ್ತೀನಿ. ಅವರು ಪ್ರತಿ ವರ್ಷ ಹತ್ತು ಸೇನಾಪತಿಗಳನ್ನು ಮತ ಹಾಕಿ ಆರಿಸ್ತಿದ್ದರು, ಅವಧಿ ಮುಗಿದ ಮೇಲೆ ಲೆಕ್ಕ ಕೇಳ್ತಿದ್ದರು. ಕ್ರಿ.ಪೂ. 406ರಲ್ಲಿ ಅರ್ಗಿನೂಸೈ ಹತ್ತಿರ ಸಮುದ್ರಯುದ್ಧ ಗೆದ್ದು ಬಂದವರನ್ನು, ಬಿರುಗಾಳಿಯಲ್ಲಿ ಮುಳುಗುತ್ತಿದ್ದ ನಮ್ಮವರನ್ನು ಯಾಕೆ ಎತ್ತಿಕೊಳ್ಳಲಿಲ್ಲ ಅಂತ ಒಂದೇ ಬಾರಿಗೆ ಆರು ಜನರಲ್‌ಗಳನ್ನು ಕೊಂದರು, ಆಮೇಲೆ ಪಶ್ಚಾತ್ತಾಪ ಪಟ್ಟರು. ನ್ಯಾಯವಂತ ಅಂತ ಹೆಸರಾಗಿದ್ದ ಅರಿಸ್ಟೈಡೀಸನನ್ನು ಗಡೀಪಾರು ಮಾಡಿದರು. ಆ ಮತದಾನದ ಬಗ್ಗೆ ಪ್ಲುಟಾರ್ಕ್ ಒಂದು ಪ್ರಸಂಗ ಹೇಳ್ತಾನೆ. ಓದುಬರಹ ಬಾರದ ಒಬ್ಬ ಹಳ್ಳಿಗ, ಎದುರಿಗಿರೋದು ಯಾರು ಅಂತ ತಿಳಿಯದೆ ಅರಿಸ್ಟೈಡೀಸನ ಕೈಗೇ ಮಡಕೆಚೂರು ಕೊಟ್ಟು, ಅರಿಸ್ಟೈಡೀಸ್ ಅಂತ ಬರೆದುಕೊಡಿ ಅಂದ. ಅವನು ನಿನಗೇನು ಮಾಡಿದ ಅಂತ ಕೇಳಿದರೆ, ಏನೂ ಇಲ್ಲ, ಎಲ್ಲಿ ಹೋದರೂ ನ್ಯಾಯವಂತ ನ್ಯಾಯವಂತ ಅಂತ ಕೇಳಿ ಸಾಕಾಗಿದೆ ಅಂದ. ಅರಿಸ್ಟೈಡೀಸ್ ಸುಮ್ಮನೆ ಬರೆದುಕೊಟ್ಟ.

ಸಾಮಾನ್ಯವಾಗಿ ಇದನ್ನು ಹಳ್ಳಿಗನ ಹೊಟ್ಟೆಕಿಚ್ಚಿನ ಕತೆ ಅಂತ ಹೇಳ್ತಾರೆ. ನನಗೆ ಆ ಹಳ್ಳಿಗನ ಮೇಲೆ ಸ್ವಲ್ಪ ಕರುಣೆ ಇದೆ. ಅವನಿಗೆ ಸಾಕಾಗಿದ್ದದ್ದು ಅರಿಸ್ಟೈಡೀಸನ ಗುಣ ಅಲ್ಲ, ಅದನ್ನು ಅವನು ಕಂಡೇ ಇರಲಿಲ್ಲ. ಸಾಕಾಗಿದ್ದದ್ದು ಬರೀ ಹೆಸರು. ಗುಣ ತೋರಿಸದೆ ಹೆಸರನ್ನೇ ಕಿವಿಗೆ ತುರುಕಿದರೆ ಮುಂದಿನ ತಲೆಮಾರಿಗೂ ಸಾಕಾಗುತ್ತೆ. ಬಂದ್ ಮಾಡಿ ಅದನ್ನು ತಡೆಯೋಕಾಗಲ್ಲ.

ಇದು ಜನರಲ್‌ಗಳ ಮಾತಷ್ಟೇ ಆಗಿದ್ದರೆ ನಾನು ಇಷ್ಟುದ್ದ ಬರೀತಿರಲಿಲ್ಲ. ನಮ್ಮ ಆಫೀಸುಗಳಲ್ಲಿ ಈಗ ಎಲ್ಲರಿಗೂ ಒಂದೊಂದು ‘ಪರ್ಸನಲ್ ಬ್ರ್ಯಾಂಡ್’ ಇದೆ. ತಪ್ಪು ಒಪ್ಪಿಕೊಂಡದ್ದನ್ನೂ ಲಿಂಕ್ಡ್‌ಇನ್ನಿನಲ್ಲಿ ಹಾಕಿ ಲೈಕ್ ಎಣಿಸ್ತೀವಿ. ಟೀಮಿಗಾಗಿ ಮ್ಯಾನೇಜರ್ ಹತ್ತಿರ ಬೈಸಿಕೊಂಡು, ಅದನ್ನು ಟೀಮಿಗೂ ಹೇಳದೆ ಮನೆಗೆ ಹೋದ ಲೀಡ್ ಒಬ್ಬರು ನಿಮಗೂ ಎಲ್ಲೋ ಸಿಕ್ಕಿರಬಹುದು. ಅವರ ಕತೆ ಯಾವ ಸ್ಲೈಡಿನಲ್ಲೂ ಬರಲ್ಲ. ಬರೋ ಹಾಗಿದ್ದರೆ ಅದು ಅಂಥ ಕತೆಯೇ ಅಲ್ಲ.

ತಿಮ್ಮಯ್ಯನವರು ಹುಟ್ಟಿ ಬೆಳೆದ ಮನೆ ಸನ್ನಿಸೈಡ್ ಈಗ ಮಡಿಕೇರಿಯಲ್ಲಿ ಮ್ಯೂಸಿಯಂ. 2021ರ ಫೆಬ್ರವರಿ 6ಕ್ಕೆ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. ವೀಕೆಂಡಿಗೆ ಹೋಂಸ್ಟೇಗೆ ಹೋದಾಗ ರಾಜಾಸೀಟಿನ ಜೊತೆ ಇದನ್ನೂ ನೋಡಿ ಬನ್ನಿ. ಮಕ್ಕಳು ಟ್ಯಾಂಕಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲಿ, ತಪ್ಪಿಲ್ಲ. ವಾಪಸ್ ಬರುವಾಗ ಕಾರಿನಲ್ಲಿ ಆ ರಾಜೀನಾಮೆಯ ಕತೆಯನ್ನೂ ಹೇಳಿ. ಕೊಟ್ಟದ್ದು ಸರಿಯೋ ವಾಪಸ್ ತಗೊಂಡದ್ದು ಸರಿಯೋ ಅಂತ ಅವರನ್ನೇ ಕೇಳಿ. ನನ್ನ ಉತ್ತರವನ್ನೇ ಕೊಡಬೇಕು ಅಂತೇನಿಲ್ಲ.

ಈ ಜನರಲ್ ಕೊನೆಗೆ ಹೋಗಿ ಸೇರಿದ್ದು ಗ್ರೀಕ್ ಮಾತಾಡೋ ನೆಲಕ್ಕೇ. 1964ರಲ್ಲಿ ಸೈಪ್ರಸ್ ದ್ವೀಪದಲ್ಲಿ ಗ್ರೀಕರಿಗೂ ತುರ್ಕರಿಗೂ ಹೊಡೆದಾಟ ಆಗದ ಹಾಗೆ ನೋಡಿಕೊಳ್ಳೋ ವಿಶ್ವಸಂಸ್ಥೆಯ ಪಡೆಗೆ ಕಮಾಂಡರ್ ಆದರು. ಶಾಂತಿಪಾಲನೆಯಲ್ಲಿ ಗೆಲುವು ಅಂದರೆ ಅವತ್ತು ಏನೂ ಆಗಲಿಲ್ಲ ಅನ್ನೋದು. ಏನೂ ಆಗದ ದಿನ ಪತ್ರಿಕೆಯಲ್ಲಿ ಬರಲ್ಲ. 1965ರ ಡಿಸೆಂಬರಿನಲ್ಲಿ, ಅದೇ ಕೆಲಸದಲ್ಲಿದ್ದಾಗ, ಹೃದಯಾಘಾತದಿಂದ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ಅಂಚೆಚೀಟಿ ತಂದಿತು. ಲಾರ್ನಕಾ ಪಟ್ಟಣದಲ್ಲಿ ಒಂದು ರಸ್ತೆಗೆ ಅವರ ಹೆಸರಿದೆ. ಗ್ರೀಕರು ನಿಕಿಯಾಸನನ್ನು ಕರೀತಿದ್ದ ‘ಸ್ತ್ರಾತೆಗೋಸ್’ ಅನ್ನೋ ಪದವೇ ಇವತ್ತಿನ ಉಚ್ಚಾರದಲ್ಲಿ ಆ ರಸ್ತೆಯ ಫಲಕದ ಮೇಲೆ ತಿಮ್ಮಯ್ಯನವರ ಮುಂದೆ ಕೂತಿದೆ. ಲಾರ್ನಕಾದ ಹಳೆಯ ಹೆಸರು ಕಿಟಿಯನ್. ಮನುಷ್ಯನಿಗೆ ಗುಣವೊಂದೇ ಒಳ್ಳೆಯದು, ಹೆಸರು ಬಂದರೂ ಅಷ್ಟೇ ಹೋದರೂ ಅಷ್ಟೇ ಅಂತ ಕಲಿಸಿದ ಜೀನೋ ಹುಟ್ಟಿದ್ದು ಅದೇ ಊರಲ್ಲಿ.